ಟಾಯ್‌ಬ್ರೇಕರ್ ಪುರತಾ

ಋಷಿಕೇಶ ಒದ್ದ ಚೆಂಡು ಗಡಹಿಂಗ್ಲಜದ ಶಾಲೆಯ ಮೈದಾನದಲ್ಲಿ ಗೋಲಿನ ಬಲೆ ಹರಿದು, ಹಿರಣ್ಯಕೇಶಿ ಹೊಳೆ ಹಾರಿ, ಕಾಗಲದ ಹತ್ತಿರ ಹೆದ್ದಾರಿಯ ಮೇಲೆ ಹೊರಟಿದ್ದ ಟ್ರಕ್ಕಿನ ನೆತ್ತಿಗೆ ಬಡಿದು ಪುಟಿದು, ಇಚಲಕರಂಜಿಯ ಒಂದು ಮಗ್ಗದ ಕಿಟಕಿಯೊಳಗೆ ಹೊಕ್ಕು, ಅಲ್ಲಿ ಹಗಲೆಲ್ಲ ನೇಯಿಸಿಕೊಂಡು ಸಂಜೆಗೆ ಧೋತರವಾಗಿ ಹೊರಬಂದಿತ್ತು. ಇದರಲ್ಲಿ ಒಂದು ಎಳೆಯೂ ಸುಳ್ಳಿಲ್ಲ. ಆ ಧೋತರ ಉಟ್ಟವನನ್ನು ಧೊಂಡಿಬಾ ತನ್ನ ಎರಡೂ ಕಣ್ಣಿಂದ ನೋಡಿದ್ದ. ಗಾಳಿ ಪಡುವಣದಿಂದ ಬೀಸಲಿ, ಮೂಡಣದಿಂದ ಬೀಸಲಿ, ಅದರ ಚುಂಗು ಗೋಲಿನ ಕಡೆಗೇ ಹಾರುತ್ತಿತ್ತು.

"ಬಣ್ಣ ಯಾವ್ದ್ರಿ ಕಾಕಾ, ಧೋತ್ರದ್ದು?" ಎಂದು ಅಭಯ ಕೇಳಿದ. ಅವನ ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು. ಹಿರಣ್ಯಕೇಶಿ ಮಂಡಳದ ಫುಟ್‌ಬಾಲ್ ತಂಡಕ್ಕೆ ನಾಯಕ ಅವನು. ಸಂಜೆ ಫೈನಲ್ ಇಟ್ಟುಕೊಂಡು ಬೆಳಿಗ್ಗೆ ಬೂಟಿನ ಮೂಗು ಬಾಯಿ ಬಿಟ್ಟಿತ್ತು.

"ಬಿಳೀದು. ನಡುನಡುವ ಕರೀ ಚೌಕ," ಎಂದ ಧೊಂಡಿಬಾ, ಮೇಣ ಹಚ್ಚಿದ ದಾರವನ್ನು ಹಲ್ಲಿನಿಂದ ಬಿಗಿಯುತ್ತ. "ಚೆಂಡಿನ ಗುಣ ಎಲ್ಲಿ ಹೋಗ್ತೈತಿ?"

ಒಳಗಿನಿಂದ ಬಯಾಬಾಯಿ ಚಹಾ ತಂದಿಟ್ಟಳು. "ನಂಬಬ್ಯಾಡ್ರಿ ಇವರನ್ನ. ಇವರ ಸುಳ್ಳ ಮಾರಾಕ ಇಟ್ರ ಕೊಲ್ಹಾಪುರದ ಬೆಲ್ಲದ ಪ್ಯಾಟ್ಯಾಗ ಜಾಗಾ ಸಾಲಂಗಿಲ್ಲ."

"ಬೆಲ್ಲಕ್ಕ ಇರಿವಿ ಬರ್ತಾವ, ನನ್ನ ಮಾತಿಗೆ ಮಂದಿ ಬರ್ತಾರ," ಎಂದ ಗಂಡ.

ಬರುತ್ತಿದ್ದುದು ಹೌದು. ಗಡಹಿಂಗ್ಲಜದಲ್ಲಿ ಚೆಂಡು ಒದೆಯದ ಗಂಡಸು ಹುಟ್ಟಿಯೇ ಇಲ್ಲ. ಹುಟ್ಟಿದರೆ ಸೂಲಗಿತ್ತಿ ಅವನನ್ನು ಬಂದ ದಾರಿಯಲ್ಲೇ ತಿರುಗಿ ಕಳಿಸುತ್ತಾಳೆ. ಧೊಂಡಿಬಾನ ಕಸುಬು ಚಪ್ಪಲಿ ಹೊಲಿಯುವುದು. ಅವನ ಚಪ್ಪಲಿ ಮೆಟ್ಟಿ ನಡೆದರೆ ಆ ಕರಕರ ಸಪ್ಪಳಕ್ಕೆ ಅತ್ತ ಮಹಾಗಾಂವದಲ್ಲಿ ಎಮ್ಮೆಗಳು ಹಾಲು ತೊರೆ ಬಿಡುತ್ತಿದ್ದವು. ಆದರೆ ಫುಟ್‌ಬಾಲಿನ ಹಂಗಾಮು ಬಂತೆಂದರೆ ಚಪ್ಪಲಿ ಬದಿಗಿಟ್ಟು ಮಂಡಳದ ಬೂಟು ಹಿಡಿಯುತ್ತಿದ್ದ. ಪಂದ್ಯದ ದಿನ ಆರಿ, ದಾರ, ಮೇಣದ ಉಂಡೆ ತುಂಬಿದ ಪೆಟ್ಟಿಗೆ ಹೊತ್ತು ಮೈದಾನಕ್ಕೆ ಹೋಗಿ, ಗೋಲಿನ ಕಂಬದ ಮಗ್ಗುಲಲ್ಲಿ, ಗೆರೆಯ ನೇರಕ್ಕೆ ಕೂರುತ್ತಿದ್ದ. ಆ ಜಾಗ ಅವನದು ಎಂದು ಊರೇ ಬಲ್ಲದು. ಪಂದ್ಯ ಮುಗಿದ ಮೇಲೆ ವಾರಗಟ್ಟಲೆ ಆ ಪಂದ್ಯ ಅವನ ಅಂಗಡಿಯಲ್ಲಿ ಮತ್ತೆ ನಡೆಯುತ್ತಿತ್ತು, ಮೈದಾನದಲ್ಲಿ ನಡೆದದ್ದಕ್ಕಿಂತ ಚೆಂದಾಗಿ ನಡೆಯುತ್ತಿತ್ತು.

ಮಗ ಋಷಿಕೇಶ ಕಾಗಲದ ಕಾರಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಓಟ ಕಡಿಮೆ, ದಮ್ಮು ಕಡಿಮೆ. ಮಾತಂತೂ ಇಲ್ಲವೇ ಇಲ್ಲ, ಮನೆಗೆ ಬರಬೇಕಾದ ಮಾತನ್ನೆಲ್ಲ ಅಪ್ಪನೇ ಆಡಿ ಮುಗಿಸಿದ್ದ. ಆದರೆ ನಿಂತ ಚೆಂಡನ್ನು ಅವನ ಮುಂದಿಟ್ಟರೆ, ಇದು ಧೊಂಡಿಬಾ ಹೇಳಿದ್ದಲ್ಲ, ಊರಿಗೆ ಊರೇ ಒಪ್ಪಿದ್ದು, ಅದು ಹೋಗಬೇಕಾದಲ್ಲಿಗೆ ಹೋಗುತ್ತಿತ್ತು. ಹಾಗಾಗಿ ಪಂದ್ಯವೆಲ್ಲ ಅವನನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಎರಡೂ ತಂಡ ಸಮ ಬಂದು ಆಟ ಟೈಬ್ರೇಕರಿಗೆ, ಊರವರ ಬಾಯಲ್ಲಿ ಟಾಯ್‌ಬ್ರೇಕರಿಗೆ ಹೋಗುವುದು ಖಾತ್ರಿಯಾದಾಗ ಮಾತ್ರ, ಕೊನೆಯ ಗಳಿಗೆಯಲ್ಲಿ ಯಾರನ್ನೋ ಹೊರಗೆಳೆದು ಅವನನ್ನು ಒಳಗೆ ಬಿಡುತ್ತಿದ್ದರು. ಐದೈದು ಒದೆತಗಳಲ್ಲಿ ಐದನೆಯದು ಅವನದು. ಒದ್ದು ಗೆಲ್ಲಿಸಿದ ಮೇಲೆ ಯಾರ ಹೆಗಲಿಗೂ ಅವನು ಏರಿದ್ದಿಲ್ಲ. ಹೆಗಲು ಆಟದಲ್ಲಿ ಗೋಲು ಹೊಡೆದವನಿಗೆ. ಹನ್ನೊಂದು ಮಂದಿಯ ಫೋಟೋ ಆಟಕ್ಕೆ ಮೊದಲೇ ತೆಗೆಯುವುದು ಪದ್ಧತಿ, ಆಗ ಅವನು ಬೆಂಚಿನ ಮೇಲಿರುತ್ತಿದ್ದ. ಪತ್ರಿಕೆಯಲ್ಲಿ 'ಟಾಯ್‌ಬ್ರೇಕರಿನಲ್ಲಿ ವಿಜಯ' ಎಂದು ಬರುತ್ತಿತ್ತು. ಯಾರ ವಿಜಯ ಎಂದು ಬರುತ್ತಿರಲಿಲ್ಲ.

ಮಂಡಳದ ಹುಡುಗರು ಮರಾಠಿಯಲ್ಲಿ ಅವನಿಗೊಂದು ಹೆಸರಿಟ್ಟಿದ್ದರು: ಟಾಯ್‌ಬ್ರೇಕರ್ ಪುರತಾ. ಟಾಯ್‌ಬ್ರೇಕರಿನಷ್ಟಕ್ಕೆ ಮಾತ್ರ ಎಂದರ್ಥ. ಅದು ಬಾಯಿಂದ ಬಾಯಿಗೆ ಸವೆದು ಬರೀ 'ಪುರತ್ಯಾ' ಆಯಿತು. ಋಷಿಕೇಶ ಆ ಹೆಸರಿಗೆ ಓಗೊಡುವುದನ್ನೂ ಕಲಿತ. ಧೊಂಡಿಬಾ ಬಿಟ್ಟಾನೆಯೇ?

"ಮರಾಠಿಯವ್ರ ಬಾಯಾಗ ಅದು ಪುರತಾ. ನಮ್ಮ ಕನ್ನಡದಾಗ ಪೂರ್ತಾ," ಎಂದು ಅಂಗಡಿಗೆ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. "ಪೂರ್ತಾ ಅಂದ್ರ ತುಂಬಿದ ಕೊಡ. ಉಳಿದವ್ರೆಲ್ಲಾ ಅರ್ಧಮರ್ಧ, ನನ್ನ ಮಗಾ ಒಬ್ಬನ ಪೂರ್ತಾ."

ಹಿಂದಿನ ವಾರ ಋಷಿಕೇಶ ಪಾಳಿ ಮುಗಿಸಿ ಬಂದವನು, ಎಂದೂ ಇಲ್ಲದ್ದು, ಅಪ್ಪನ ಮಗ್ಗುಲಲ್ಲಿ ಕೂತು ಮೊಬೈಲ್ ತೋರಿಸಿದ್ದ. ಅಮೆರಿಕದ ಫುಟ್‌ಬಾಲ್. ಗೂಳಿಯಂಥ ಗಂಡಸರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೈಮೇಲೊಬ್ಬರು ಬಿದ್ದು ಹೊರಳುತ್ತಿದ್ದರು.

"ಚೆಂಡಲ್ಲೋ ಇದು, ಬದನಿಕಾಯಿ," ಎಂದ ಧೊಂಡಿಬಾ.

"ತಡಿ, ಈಗ ಬರ್ತಾನ ನೋಡ್."

ಬಟ್ಟೆಗೆ ಮಣ್ಣೇ ಹತ್ತದ ಸಣಕಲನೊಬ್ಬ ಬಂದ. ನಾಲ್ಕು ಹೆಜ್ಜೆ ಓಡಿ ಒದ್ದ. ಬದನೆಕಾಯಿ ಎತ್ತರದ ಎರಡು ಕಂಬಗಳ ನಡುವೆ ಹಾಯ್ದು ಹೋಯಿತು. ಅವನು ತಿರುಗಿ ಹೋಗಿ ಬೆಂಚಿನ ತುದಿಯಲ್ಲಿ ಕೂತ.

"ಇಂವಾ ಯಾಕ ಬಂದಿದ್ದ?"

"ಒದಿಯಾಕ. ಒದಿಯಾಕ ಅಂತನ ಒಬ್ಬನ್ನ ಇಟ್ಟಿರ್ತಾರಪ್ಪಾ. ಕಿಕ್ಕರ್ ಅಂತಾರ. ಎಷ್ಟೋ ಆಟ ಇವನ ಕಾಲಿಂದನ ಗೆಲ್ತಾರ."

"ಹೆಸರೇನ ಅವಂದು?"

"ಯಾಂವಗ್ಗೊತ್ತು. ಹೊಡದ್ರ ಯಾರೂ ಕೇಳಂಗಿಲ್ಲ. ತಪ್ಪಿದ್ರ ದೇಶಕ್ಕೆಲ್ಲ ಗೊತ್ತಾಗ್ತೈತಿ." ಋಷಿಕೇಶ ಅದನ್ನೇ ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದ. ಒದೆತ ಬಂದಾಗ ನೋಡಲಿಲ್ಲ. ಬೆಂಚು ಬಂದಾಗ ನಿಲ್ಲಿಸಿದ. "ಬಾಜೂಕ ಯಾರೂ ಕುಂತಿಲ್ಲ, ನೋಡ್," ಎಂದ.

ಮರುದಿನ ಬೆಳಗಾಗುವುದರೊಳಗೆ ಋಷಿಕೇಶನನ್ನು ಕರೆದೊಯ್ಯಲು ಅಮೆರಿಕದಿಂದ ವಿಮಾನ ಬಂದು, ಗಡಹಿಂಗ್ಲಜದಲ್ಲಿ ಇಳಿಯಲು ಜಾಗ ಸಿಗದೆ ಮೂರು ಸುತ್ತು ಹಾಕಿ ತಿರುಗಿ ಹೋದ ಸುದ್ದಿ ಪೇಟೆ ತುಂಬ ಹರಡಿತ್ತು.

ಅಭಯನ ಬೂಟು ಹೊಲಿದ ದಿನ ಸಂಜೆ ಫೈನಲಿಗೆ ಭೂಮಂಡಲದ ಅರ್ಧ ಜನ ಬಂದಿದ್ದರು. ಉಳಿದರ್ಧ ಶಾಲೆಯ ಕಂಪೌಂಡಿನ ಮೇಲೆ ಕೂತಿತ್ತು. ಎದುರಾಳಿ ಕೊಲ್ಹಾಪುರದ ಒಂದು ತಾಲೀಮಿನ, ಅಂದರೆ ಗರಡಿಮನೆಯ ತಂಡ. ಅವರ ಗೋಲ್‌ಕೀಪರ್ ಎಷ್ಟು ದೊಡ್ಡವನೆಂದರೆ ಅವನ ನೆರಳಿನಲ್ಲಿ ನಾಲ್ಕು ಮಂದಿ ಊಟಕ್ಕೆ ಕೂರಬಹುದು. ಅಭಯ ಒಂದು ಗೋಲು ಹೊಡೆದ, ಅವರೂ ಒಂದು ಹೊಡೆದರು. ಕೊನೆಯ ಸೀಟಿ ಇನ್ನೇನು ಊದಬೇಕು ಎನ್ನುವಾಗ ಬೆಂಚಿನಿಂದ ಋಷಿಕೇಶ ಎದ್ದ. "ಪುರತ್ಯಾ ಆಲಾ," ಪುರತ್ಯಾ ಬಂದ ಎಂದು ಕಂಪೌಂಡು ಕೂಗಿತು.

ಟಾಯ್‌ಬ್ರೇಕರಿನಲ್ಲಿ ಕೊಲ್ಹಾಪುರದವರು ಐದರಲ್ಲಿ ಒಂದನ್ನು ಕಂಬದಾಚೆ ಒದ್ದರು. ಹಿರಣ್ಯಕೇಶಿಯ ನಾಲ್ಕೂ ಒಳಗೆ ಹೋದವು. ಐದನೆಯದು ಹೋದರೆ ಕಪ್ ಗಡಹಿಂಗ್ಲಜದ್ದು.

ಮೈದಾನದ ನಡುವಿನ ದುಂಡು ಗೆರೆಯಲ್ಲಿ ತಂಡದವರು ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು. ಋಷಿಕೇಶ ಅವರಿಂದ ಬಿಡಿಸಿಕೊಂಡು ಹೊರಟ. ಮುಳುಗುವ ಸೂರ್ಯ ಅವನ ಮುಖದ ಮೇಲಿದ್ದ. ಅರ್ಧ ಮೈದಾನ ದಾಟಬೇಕು. ಧೊಂಡಿಬಾ ಗೆರೆಯ ನೇರಕ್ಕೆ ಕೂತಿದ್ದ. ಆಗಲೇ ಅವನಿಗೆ ಮೇಣದ ಉಂಡೆ ಬೇಕಾಯಿತು. ತಲೆ ತಗ್ಗಿಸಿ ಪೆಟ್ಟಿಗೆಯೊಳಗೆ ಕೈ ಹಾಕಿದ. ಆರಿ ಸಿಕ್ಕಿತು, ದಾರ ಸಿಕ್ಕಿತು, ಉಂಡೆ ಸಿಗಲಿಲ್ಲ. ಅಲ್ಲ, ಸಿಕ್ಕಿತ್ತು, ಬಿಟ್ಟು ಮತ್ತೆ ಹುಡುಕಿದ. ಸೀಟಿ ಕೇಳಿಸಿತು. ಬೂಟು ಚೆಂಡಿಗೆ ತಾಗಿದ ಸಪ್ಪಳ. ಕಬ್ಬಿಣದ ಮೇಲ್ಗಂಬ ಠಣ್ಣೆಂದಿತು. ಚೆಂಡು ಮಣ್ಣಿಗೆ ಬಿದ್ದ ಸಪ್ಪಳ. ಆಮೇಲೆ ಅರ್ಧ ಜನರ ಕೂಗು.

ತಲೆ ಎತ್ತಿದಾಗ ಚೆಂಡು ಕೀಪರನ ತೋಳಿನಲ್ಲಿತ್ತು. ಗೋಲು ಎಂದು ಕೆಲವರು ಕುಣಿಯುತ್ತಿದ್ದರು, ಅಲ್ಲ ಎಂದು ಕೆಲವರು. ಮೇಲ್ಗಂಬಕ್ಕೆ ಬಡಿದ ಚೆಂಡು ನೆಟ್ಟಗೆ ಕೆಳಗೆ ಬಿದ್ದು ಪುಟಿದಿತ್ತು. ಗೆರೆಯ ಒಳಗೆ ಬಿತ್ತೋ, ಗೆರೆಯ ಮೇಲೋ? ರೆಫರಿ ಆ ಕಡೆಯ ಕಂಬದ ಹತ್ತಿರವಿದ್ದ ಲೈನ್‌ಮನ್ ಕಡೆ ನೋಡಿದ. ಅವನಿಗೂ ಚೆಂಡಿಗೂ ನಡುವೆ ಕೀಪರನ ಮೈ ಅಡ್ಡವಿತ್ತು. ಅವನ ಬಾವುಟ ಏಳಲಿಲ್ಲ. ಗೋಲು ಅಲ್ಲ ಎಂದಾಯಿತು. ಸಮ ಬಂದಿದ್ದಕ್ಕೆ ಇನ್ನೊಂದೊಂದು ಒದೆತ. ಕೊಲ್ಹಾಪುರದವರು ಹೊಡೆದರು, ನಮ್ಮವರು ತಪ್ಪಿದರು.

ಎಲ್ಲ ಮುಗಿದ ಮೇಲೆ ಋಷಿಕೇಶ ತಾನು ಒದ್ದ ಜಾಗಕ್ಕೇ ತಿರುಗಿ ಬಂದು ನಿಂತಿದ್ದ. ಅವನು ರೆಫರಿಯನ್ನು ನೋಡುತ್ತಿರಲಿಲ್ಲ. ಕಂಬದ ಮಗ್ಗುಲಲ್ಲಿ ಕೂತ ಅಪ್ಪನನ್ನು ನೋಡುತ್ತಿದ್ದ.

ಅಷ್ಟರಲ್ಲಿ ಮಂದಿ ಧೊಂಡಿಬಾನ ಸುತ್ತ ನೆರೆದಿತ್ತು. "ಕಾಕಾ, ನೀವು ಗೆರಿ ನೇರಕ್ಕ ಕುಂತಿದ್ರಿ," ಎಂದು ಅಭಯ ಅವನ ತೋಳು ಹಿಡಿದ. "ನಿಮ್ಮ ಕಡಿಂದ ಅಡ್ಡ ಏನೂ ಇರ್ಲಿಲ್ಲ. ಒಳಗ ಬಿತ್ತ, ಇಲ್ಲ?"

ಧೊಂಡಿಬಾನ ಬಾಯಿ ಹುಟ್ಟಿದಾಗಿನಿಂದ ಯಾವ ಪ್ರಶ್ನೆಗೂ ಉತ್ತರ ಇಲ್ಲವೆಂದು ಹೇಳಿದ ಬಾಯಲ್ಲ.

"ನಾಕ ಬೆರಳ ಒಳಗ," ಎಂದಿತು ಅದು. "ಚೆಂಡಿನ ಹೊಲಿಗಿ ಎಣಿಸೀನಿ."

ಯಾರಾದರೂ ನಗುತ್ತಾರೆಂದು ಅವನು ಕಾದ. ಹತ್ತು ವರ್ಷ ನಕ್ಕ ಮಂದಿ. ಧೋತರಕ್ಕೆ ನಕ್ಕಿದ್ದರು, ವಿಮಾನಕ್ಕೆ ನಕ್ಕಿದ್ದರು. ಇವತ್ತು ಒಬ್ಬರೂ ನಗಲಿಲ್ಲ. ಅಭಯ ತಿರುಗಿ, "ಕೇಳಿದ್ರಲ್ಲ? ಸಾಕ್ಷಿ ಐತಿ," ಎಂದ. ಮಂದಿ ಆ ಮಾತನ್ನು ಹೊತ್ತುಕೊಂಡು ಕಮಿಟಿಯವರ ಕಡೆಗೆ ಓಡಿತು. ಧೊಂಡಿಬಾ, "ತಡೀರಿ," ಎಂದದ್ದು ಅವನಿಗೇ ಕೇಳಿಸಲಿಲ್ಲ.

ತಕರಾರು ದಾಖಲಾಯಿತು. ಟೂರ್ನಮೆಂಟಿನ ಕಮಿಟಿ ಶಾಲೆಯ ಒಂದು ವರ್ಗದ ಕೋಣೆಯಲ್ಲಿ ಕೂತಿತು. ಮೊಬೈಲಿನ ವಿಡಿಯೋಗಳು ನೂರಿದ್ದವು. ಕೊಲ್ಹಾಪುರದವರ ಮೊಬೈಲಿನಲ್ಲಿ ಚೆಂಡು ಹೊರಗೆ ಬಿದ್ದಿತ್ತು, ಗಡಹಿಂಗ್ಲಜದವರ ಮೊಬೈಲಿನಲ್ಲಿ ಅದೇ ಚೆಂಡು ಒಳಗೆ ಬಿದ್ದಿತ್ತು. ಎಲ್ಲ ಎದುರಿನಿಂದ ಹಿಡಿದವು. ಗೆರೆಯ ನೇರಕ್ಕೆ ಹಿಡಿದದ್ದು ಒಂದೂ ಇರಲಿಲ್ಲ. ಉಳಿದದ್ದು ಧೊಂಡಿಬಾನ ಕಣ್ಣು.

ವರ್ಗದ ಬಾಗಿಲಲ್ಲಿ ಮರಾಠಿ ಪತ್ರಿಕೆಯ ವರದಿಗಾರ್ತಿ ಮೃಣಾಲ ಮೊಬೈಲಿನಲ್ಲಿ ಬೆರಳಾಡಿಸುತ್ತ ನಿಂತಿದ್ದಳು. ಋಷಿಕೇಶನನ್ನು ಕಂಡು, "ನಿಮ್ಮ ಹೆಸರು ಋ ಹಚ್ಚಿ ಬರೀತೀರೋ, ರು ಹಚ್ಚಿಯೋ?" ಎಂದು ಕೇಳಿದಳು. ಪತ್ರಿಕೆಯವರು ಅವನ ಹೆಸರು ಕೇಳಿದ್ದು ಅದೇ ಮೊದಲು. "ಎರಡ್ ಸುದ್ದಿ ಬರದಿಟ್ಟೇನ್ರಿ. ಒಳಗ ಏನಾಗ್ತೈತಿ ನೋಡಿ ಒಂದ್ ಕಳಸ್ತೇನಿ. ಎರಡರಾಗೂ ನಿಮ್ಮ ಹೆಸರೈತಿ."

"ಋ," ಎಂದ ಋಷಿಕೇಶ. ಅಪ್ಪನನ್ನು ವರಾಂಡದ ತುದಿಗೆ ಕರೆದೊಯ್ದ.

"ಖರೇನ ಒಳಗ ಬಿದ್ದಿತ್ತ?"

"ಅಂದೀನಲ್ಲ."

"ಮಂದಿಗೆ ಅಂದಿ. ನನಗ ಹೇಳ್."

ಧೊಂಡಿಬಾ ಮಗನ ಮುಖ ನೋಡಿದ. ಹೇಳಿಬಿಡಬಹುದಿತ್ತು. ಆ ಮುಖದ ಮೇಲೆ ಬೆವರು ಒಣಗಿ ಬಿಳಿ ಗೆರೆಗಳು ಮೂಡಿದ್ದವು. ಪಂದ್ಯವೆಲ್ಲ ಬೆಂಚಿನ ಮೇಲಿದ್ದವನಿಗೆ ಇಷ್ಟು ಬೆವರು ಎಲ್ಲಿಂದ ಬಂತು ಎಂದು ಅವನಿಗೆ ತಿಳಿಯಲಿಲ್ಲ. "ನಾಕ ಬೆರಳ," ಎಂದ.

ಋಷಿಕೇಶ ಉಸಿರು ಬಿಟ್ಟ. "ಬಿಸಿಲ ಕಣ್ಣಾಗಿತ್ತು. ಬಡದ ಮ್ಯಾಲ ನನಗೇನೂ ಕಾಣ್ಲಿಲ್ಲ. ಕಪ್ ಕೊಡ್ಲಿ ಬಿಡ್ಲಿ, ಅದರ ಚಿಂತಿಲ್ಲ. ನೀ ನೋಡೀದಿ ಅಂದ್ರ ನನಗ ಸಾಕು." ವರ್ಗದ ಬಾಗಿಲ ಕಡೆ ನೋಡಿ, "ಒಳಗ ಬ್ಯಾರೆ ಏನೂ ಸೇರಸಬ್ಯಾಡಪ್ಪಾ. ನೋಡಿದ್ದಷ್ಟ ಹೇಳ್," ಎಂದ.

ವರ್ಗದಲ್ಲಿ ಸಣ್ಣ ಮಕ್ಕಳ ಬೆಂಚುಗಳು. ದೊಡ್ಡ ಗಂಡಸರು ಮೊಳಕಾಲು ಮಡಿಚಿ ಅವುಗಳಲ್ಲಿ ಸಿಕ್ಕಿಕೊಂಡಿದ್ದರು. ಕಪ್ಪುಹಲಗೆಯ ಮೇಲೆ ಯಾರೋ ಮಾಸ್ತರರು ಬರೆದ ಮಗ್ಗಿ ಇನ್ನೂ ಉಳಿದಿತ್ತು. ಮೇಜಿನ ಹಿಂದೆ ಕಮಿಟಿಯ ಅಧ್ಯಕ್ಷ ಬಾಪೂಸಾಹೇಬ, ಬೆಲ್ಲದ ವ್ಯಾಪಾರಿ, ಊರಿನ ಅರ್ಧ ಜಗಳ ಬಗೆಹರಿಸಿದವರು. ಕೊಲ್ಹಾಪುರದ ಕೀಪರ್ ಹಿಂದಿನ ಬೆಂಚಿನಲ್ಲಿ ಜಾಗ ಸಾಲದೆ ಅಡ್ಡ ಕೂತಿದ್ದ. ಋಷಿಕೇಶ ಹೋಗಿ ಅವನ ಮಗ್ಗುಲಿನ ಬೆಂಚಿನಲ್ಲಿ ತೂರಿಕೊಂಡ. ಬೇರೆಡೆ ಜಾಗ ಇರಲಿಲ್ಲ.

"ಬಾ ಧೊಂಡಿಬಾ," ಎಂದರು ಬಾಪೂಸಾಹೇಬ. "ನಿನ್ನ ಧೋತ್ರದ ಕತಿ ನಾನೂ ಕೇಳೇನಿ, ಛಲೋ ಐತಿ. ಇವತ್ತ ಅದನ್ನ ಹೊರಗ ಬಿಟ್ಟು ಬಾ. ಏನ್ ನೋಡಿದಿ, ಅಷ್ಟ ಹೇಳ್."

"ನಾಕ ಬೆರಳ ಒಳಗ ಬಿತ್ರಿ, ಸಾಹೇಬ್ರ," ಎಂದ ಧೊಂಡಿಬಾ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. ಆದರೆ ಇಷ್ಟು ಮಂದಿ ಇಷ್ಟು ಸುಮ್ಮನೆ ಕೂತು ಅವನ ಮಾತು ಎಂದೂ ಕೇಳಿರಲಿಲ್ಲ. ಆ ಮೌನವನ್ನು ಹಾಗೇ ಬಿಡಲು ಅವನಿಂದ ಆಗಲಿಲ್ಲ. ಋಷಿಕೇಶ ಚೆಂಡನ್ನು ಹೇಗೆ ಇಟ್ಟ, ಹೇಗೆ ಎರಡು ಹೆಜ್ಜೆ ಹಿಂದೆ ಸರಿದ, ಎಲ್ಲ ಬಂತು. ಚೆಂಡು ಗಿರಗಿರ ತಿರುಗುತ್ತ ಬಂದದ್ದು ಬಂತು. "ಇವ್ರ ಕೀಪರ್ ಎಡಕ್ಕ ಹಾರಿದ್ರಿ, ಬೆಕ್ಕ ಹಾರಿದಂಗ. ಬೆರಳ ತುದಿಗೆ ಸವರಿತು. ಸವರಿದ್ದಕ್ಕನ ಮ್ಯಾಲ ಬಡೀತು. ಇಲ್ಲಂದ್ರ ಬಲಿ ಹರೀತಿತ್ತು." ಅವನ ಕೈಗಳು ಗಾಳಿಯಲ್ಲಿ ಗೋಲನ್ನು ಕಟ್ಟಿ ನಿಲ್ಲಿಸಿದ್ದವು.

"ಮೀ ಉಡೀಚ ಮಾರಲೀ ನಾಹೀ," ಎಂದ ಕೀಪರ್, ಕೂತಲ್ಲಿಂದಲೇ.

ಜಗಳದ ದನಿ ಅಲ್ಲ ಅದು. ತಾನು ಹಾರಲೇ ಇಲ್ಲ, ನಿಂತಲ್ಲೇ ನಿಂತಿದ್ದೆ, ಚೆಂಡು ತಲೆಯ ಮೇಲೆ ಹೋಯಿತು, ಹಿಂದೆ ಎಲ್ಲಿ ಬಿತ್ತೆಂದು ತನಗೂ ಕಾಣಲಿಲ್ಲ ಎಂದು ಮರಾಠಿಯಲ್ಲೇ ಹೇಳಿದ.

ಬಾಪೂಸಾಹೇಬರು ಅಭಯನ ಕಡೆ ನೋಡಿದರು. ಅಭಯ ಬೆಂಚಿನ ಮೇಲೆ ಯಾರೋ ಕೊರೆದಿದ್ದ ಹೆಸರನ್ನು ಉಗುರಿನಿಂದ ಕೆರೆಯುತ್ತಿದ್ದ. ಅಷ್ಟೂ ಮಂದಿಗೆ, ಕಂಪೌಂಡಿನ ತುದಿಯಲ್ಲಿ ಕೂತವರಿಗೂ, ಒಂದು ಮಾತ್ರ ಖಚಿತವಾಗಿ ಗೊತ್ತಿತ್ತು: ಕೀಪರ್ ಕದಲಿರಲಿಲ್ಲ.

ಯಾರೋ ಒಬ್ಬ ಮೂಗಿನಿಂದ ನಕ್ಕ.

"ಧೊಂಡಿಬಾ," ಎಂದರು ಬಾಪೂಸಾಹೇಬ. "ನೀ ನೋಡಿದೇನು?"

ಧೊಂಡಿಬಾ ಗಾಳಿಯಲ್ಲಿದ್ದ ಕೈಗಳನ್ನು ಇಳಿಸಿದ. ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ತುದಿ ಹಿಡಿದ.

"ನೋಡಿಲ್ರಿ."

"ಚೆಂಡ ಬಿದ್ದದ್ದ ನೋಡಿಲ್ಲೋ, ಒದ್ದದ್ದನ ನೋಡಿಲ್ಲೋ?"

"ಎರಡೂ ನೋಡಿಲ್ರಿ. ಇವತ್ತೊಂದಿನ ಅಲ್ರಿ. ನನ್ನ ಮಗಾ ಒದ್ದದ್ದ ಒಂದೂ ನಾ ನೋಡಿಲ್ರಿ, ಸಾಹೇಬ್ರ."

"ಹತ್ತ ವರ್ಷ ಅಲ್ಲೇ ಕುಂತೀಯಲ್ಲೋ."

"ಕುಂತೇನ್ರಿ. ಅಂವಾ ನಡಕೊಂತ ಬರ್ತಾನಲ್ರಿ, ಅಷ್ಟ ದೂರದಿಂದ. ಎಲ್ಲಾರೂ ಅಲ್ಲೇ ಹಿಂದ ನಿಂತಿರ್ತಾರ, ಒಬ್ರಿಗೊಬ್ರು ಹಿಡ್ಕೊಂಡು. ಇವನ ಕೂಡ ಯಾರೂ ಬರಂಗಿಲ್ಲ. ಅಷ್ಟು ನೋಡ್ತೇನ್ರಿ. ಅದರ ಮುಂದ ಆಗಂಗಿಲ್ಲ. ತಲಿ ಕೆಳಗ ಹಾಕಿಬಿಡ್ತೇನಿ. ಮಂದಿ ಒದರಿದ ಮ್ಯಾಲ ಎತ್ತತೇನಿ. ಹೆಂಗ ಹೋತು ಅನ್ನೋದನ್ನ ಆಮ್ಯಾಲ ನಾನ ಕಟ್ಕೋತೇನ್ರಿ."

"ಹಂಗಾರ ಇವತ್ತಿಂದು ಒಳಗೋ, ಹೊರಗೋ?"

"ನನಗ ಗೊತ್ತಿಲ್ರಿ."

ಬಾಗಿಲಲ್ಲಿ ಮೃಣಾಲ ಮೊಬೈಲ್ ಕೆಳಗಿಳಿಸಿದಳು, ಮತ್ತೆ ಎತ್ತಿದಳು. ಬಾಪೂಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

ಹಿಂದಿನ ಬೆಂಚಿನಲ್ಲಿ ಋಷಿಕೇಶ ಏಳಲು ನೋಡಿದ. ಬೆಂಚು ಮಕ್ಕಳದು, ಎದುರಿನ ಹಲಗೆ ತಗ್ಗು. ಅವನ ಮೊಳಕಾಲು ಅದರಡಿ ಸಿಕ್ಕಿಕೊಂಡಿತ್ತು. ಒಮ್ಮೆ ಎಳೆದುಕೊಂಡ, ಬರಲಿಲ್ಲ. ಇನ್ನೊಮ್ಮೆ ಎಳೆಯದೆ, ಅಪ್ಪನನ್ನೇ ನೋಡುತ್ತ, ಹಾಗೇ ಅರ್ಧ ಎದ್ದು ನಿಂತ. ಮಗ್ಗುಲಿನ ಕೊಲ್ಹಾಪುರದ ಕೀಪರ್ ಅವನ ಮುಖ ನೋಡಲಿಲ್ಲ. ತನ್ನ ದೊಡ್ಡ ಕೈಯನ್ನು ಚಾಚಿ ಆ ಬೆಂಚನ್ನು ಹಿಡಿದು, ನೆಲಕ್ಕೆ ಸಪ್ಪಳವಾಗದ ಹಾಗೆ, ಮೆಲ್ಲಗೆ, ಅವನ ಕಾಲು ಹೊರಬರುವಷ್ಟು, ಮುಂದಕ್ಕೆ ಸರಿಸಿದ.